ನನ್ನ ಮಾರುತಿ ಗಿಪ್ಸಿ ಜೀಪಿಗೆ ಬೇರೆ ಇಂಜಿನ್ ಕೂರಿಸಿದ್ದೇನೆ. ಇಂಜಿನ್‌ನ ಬಿಸಿ ನೀರನ್ನು ಗಾಡಿಯೊಳಗಿನ ಹೀಟರ್‌ಗೆ ಒಯ್ಯುವ ಹೋಸನ್ನು ಟ್ಯಾಪೆಟ್ ಕವರ್ (ಇಂಜಿನ್‌ನ ಮೇಲ್ಮುಚ್ಚಳ) ಮೇಲಿಂದ ಎಳೆಯಲಾ, ಇಲ್ಲ ಕೋಲಾರದ ಬಿಸಿಲಿಗೆ ಹೀಟರ್ ಯಾಕೆ ಅಂತ ಇಂಜಿನ್‌ನಲ್ಲಿ ಹೀಟರ್ ಹೋಸ್ ಸೇರುವ ಎರಡೂ ಬಾಯಿ ಮುಚ್ಚಿಬಿಡಲಾ?

ಎರಡೂ ಬೇಡ ಸರ್. ಟ್ಯಾಪೆಟ್ ಕವರ್ ಅಂತ ಓದಿದ ಕೂಡಲೇ ನನ್ನ ಹೊಟ್ಟೆ ಚುರ್ ಅಂತು.

ನಮ್ಮದು ಚಿಕ್ಕಬಳ್ಳಾಪುರದ ಹತ್ತಿರ ದ್ರಾಕ್ಷಿ ತೋಟ. ಮಿಲಿಟರಿ ಹರಾಜಿನಿಂದ ಕೈ ಬದಲಾಗಿ ಬಂದ 1.3 ಲೀಟರ್ ಇಂಜಿನ್‌ನ ಗಿಪ್ಸಿ ಇತ್ತು. ಅದಕ್ಕೆ ಹಳೇ ಬಲೆನೋ ಕಾರಿನ 1.6 ಇಂಜಿನ್ ಕೂರಿಸಿದೆವು. ಕಾರಿನಲ್ಲಿ ಆ ಇಂಜಿನ್ ಅಡ್ಡ ಕೂತಿರುತ್ತೆ, ಗಿಪ್ಸಿಯಲ್ಲಿ ಉದ್ದಕ್ಕೆ. ಹಾಗಾಗಿ ನೀರಿನ ಬಾಯಿಗಳೆಲ್ಲ ದಿಕ್ಕು ಬದಲಾಯಿಸಿದವು. ಹಳೇ ಹೋಸ್ ಒಂದೂ ಮುಟ್ಟಲಿಲ್ಲ. ಹೆಡ್‌ನಿಂದ (ಇಂಜಿನ್‌ನ ಮೇಲ್ಭಾಗ) ಬಿಸಿ ನೀರು ಹೀಟರ್‌ಗೆ, ಅಲ್ಲಿಂದ ವಾಪಸ್ ವಾಟರ್ ಪಂಪ್ ನೀರು ಎಳೆಯುವ ಕಡೆಗೆ. ಅಷ್ಟು ಸರಿಯಾಗೇ ಮಾಡಿದ್ದೆ. ಹೊಗೆ ಹೊರಹೋಗುವ ಕಾದ ಕೊಳವೆ, ಅಂದ್ರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ತಾಗಬಾರದು ಅಂತ ಹೋಸನ್ನು ಇಂಜಿನ್ ಮೇಲಿಂದ ಕಮಾನಿನ ಹಾಗೆ ಎಳೆದೆ. ಬಾನೆಟ್ ಎತ್ತಿ ಎಲ್ಲರಿಗೂ ತೋರಿಸಿದ್ದೂ ಆಯ್ತು.

ತಪ್ಪು ಅಲ್ಲೇ ಇತ್ತು. ಆ ಕಮಾನು ರೇಡಿಯೇಟರ್ ಮುಚ್ಚಳಕ್ಕಿಂತ ನಾಲ್ಕು ಬೆರಳು ಮೇಲಿತ್ತು. ನೀರು ತುಂಬೋದು ಮುಚ್ಚಳದಲ್ಲಿ. ಅದರ ಮಟ್ಟ ದಾಟಿ ನೀರು ತಾನಾಗೇ ಏರಲ್ಲ. ಮೇಲೆ ಉಳಿದ ಗಾಳಿ ಉಳಿದೇಬಿಟ್ಟಿತು. ತೋಟದ ಪೈಪ್‌ಲೈನ್ ದಿಣ್ಣೆ ಹತ್ತುವ ಕಡೆ ಏರ್ ವಾಲ್ವ್ ಕೂರಿಸಿ ಅಂತ ನಾನೇ ಪ್ಲಂಬರ್‌ಗೆ ಹೇಳುವವನು. ಗಾಡಿ ವಿಷಯಕ್ಕೆ ಬಂದಾಗ ಆ ಬುದ್ಧಿ ಎಲ್ಲಿ ಹೋಗಿತ್ತೋ.

ಗಾಡಿ ಮೊದಲ ದಿನವೇ ಹೇಳಿತ್ತು. ಇಂಜಿನ್ ಚೆನ್ನಾಗಿ ಕಾದಿದೆ, ಹೀಟರ್‌ನಿಂದ ಮಾತ್ರ ತಣ್ಣನೆ ಗಾಳಿ. ಹೀಟರ್ ತಾನೇ, ಆಮೇಲೆ ನೋಡೋಣ ಅಂದುಕೊಂಡೆ. ಇಂಜಿನ್ ಬಿಸಿ, ಹೀಟರ್ ತಣ್ಣಗೆ ಅಂದ್ರೆ ಮೊದಲ ಅನುಮಾನ ಬರಬೇಕಾದ್ದು ಒಳಗೆ ಗಾಳಿ ಇದೆ, ಇಲ್ಲ ನೀರು ಕಮ್ಮಿ ಇದೆ ಅಂತ.

ಭಾನುವಾರ ನಂದಿ ಬೆಟ್ಟ ಹತ್ತಿಸಿದೆ. ಸೆಕೆಂಡ್ ಗೇರ್, ಒಂದಾದ ಮೇಲೊಂದು ತಿರುವು. ಟೆಂಪರೇಚರ್ ಮುಳ್ಳು ಅರ್ಧ ದಾಟಿ, ಆಮೇಲೆ ಸರ್ರನೆ ಕೆಳಗಿಳಿಯಿತು. ತಣ್ಣಗಾಯ್ತು ಅಂತ ಖುಷಿಪಟ್ಟೆ ನೋಡಿ! ಪಂಪ್ ತಳ್ಳಿದ ಗಾಳಿ ಹೆಡ್‌ಗೆ ಬಂದು ಸೆನ್ಸರ್ ಹತ್ತಿರ ಕೂತಿತ್ತು. ಸೆನ್ಸರ್‌ಗೆ ನೀರೇ ಮುಟ್ಟದಿದ್ರೆ ಅದೇನು ಬಿಸಿ ತೋರಿಸುತ್ತೆ? ಇನ್ನೆರಡು ತಿರುವಿಗೆ ಕೂಲೆಂಟ್‌ನ ಸಿಹಿ ವಾಸನೆ, ಬಾನೆಟ್ ಸಂದಿಯಿಂದ ಹಬೆ. ಆಯಿಲ್ ಮಟ್ಟ ನೋಡುವ ಡಿಪ್ ಸ್ಟಿಕ್ ಎಳೆದರೆ ಆಯಿಲ್ ಹಾಲು ಜಾಸ್ತಿಯಾದ ಕಾಫಿ ಬಣ್ಣ. ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಹೆಡ್ಡೂ ಬಾಗಿತ್ತು. ಲೇತ್ ಅಂಗಡಿಯಲ್ಲಿ ಹೆಡ್ ಮಟ್ಟಸ ಮಾಡಿಸುವ ಫೇಸಿಂಗ್, ಗ್ಯಾಸ್ಕೆಟ್, ಆಯಿಲ್, ಟೋಯಿಂಗ್ ಎಲ್ಲ ಸೇರಿ 18,000 ರೂಪಾಯಿ ಕೈಬಿಟ್ಟಿತು.

ಆಮೇಲೆ ಹೋಸನ್ನು ಇಂಜಿನ್ ಹಿಂದೆ, ಕೆಳಗಿಂದ ತಂದೆ. ಮ್ಯಾನಿಫೋಲ್ಡ್ ಹತ್ತಿರ ಬರುವಷ್ಟು ಉದ್ದಕ್ಕೆ ಕಬ್ಬಿಣದ ಪೈಪ್, ಎರಡು ತುದಿಗೆ ಮಾತ್ರ ರಬ್ಬರ್. ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ವಾಲುತ್ತೆ, ಅದಕ್ಕೆ ಹೋಸ್ ಸ್ವಲ್ಪ ಸಡಿಲ ಇರಲಿ. ನೀರು ತುಂಬುವಾಗ ಗಾಡಿಯ ಮೂತಿ ದಿಣ್ಣೆ ಕಡೆಗಿರಲಿ, ಹೀಟರ್ ಲಿವರ್ ಪೂರ್ತಿ ಬಿಸಿ ಕಡೆಗೆ. ಇಂಜಿನ್ ತಣ್ಣಗಿದ್ದಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಥರ್ಮೋಸ್ಟಾಟ್ (ಇಂಜಿನ್ ಕಾದ ಮೇಲೆ ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್) ತೆರೆಯುವವರೆಗೆ ಹೋಸ್ ಹಿಸುಕುತ್ತಾ ಇರಿ. ಗುಳ್ಳೆ ಬರೋದು ನಿಲ್ಲಬೇಕು.

ಇನ್ನು ಹೀಟರ್‌ನ ಎರಡೂ ಬಾಯಿ ಮುಚ್ಚೋ ಮಾತು. ಅದು ಬೇಡ. ಎಷ್ಟೋ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯೋವರೆಗೆ ನೀರು ಸುತ್ತೋದು ಈ ಹೀಟರ್ ದಾರಿಯಲ್ಲೇ. ಹೀಟರ್ ಬೇಡವೇ ಬೇಡ ಅಂದ್ರೆ ಒಂದು ಬಾಯಿಯಿಂದ ಇನ್ನೊಂದಕ್ಕೆ ಹೋಸ್ ಸುತ್ತಿಬಿಡಿ. ನಾನಾದ್ರೆ ಹೀಟರ್ ತೆಗೆಯಲ್ಲ. ಅದೂ ಒಂದು ಸಣ್ಣ ರೇಡಿಯೇಟರ್ ಅಲ್ವಾ? ಘಾಟಿಯಲ್ಲಿ ಇಂಜಿನ್ ಕಾದರೆ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಹಾಕಿ. ನೀವು ಬೇಯುತ್ತೀರಿ, ಇಂಜಿನ್ ಸ್ವಲ್ಪ ಉಸಿರಾಡುತ್ತೆ. ಕೇಳದಿದ್ರೂ ಹೇಳ್ತೀನಿ: ಆರ್‌ಟಿಒ ಅನುಮತಿ ಇಲ್ಲದೆ, ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್ ಹತ್ತಿಸದೆ ರೋಡಿಗಿಳಿಸಬೇಡಿ.

ಇವತ್ತೇ ಗಾರೆ ಮೇಸ್ತ್ರಿ ಹತ್ತಿರ ನೀರಿನ ಲೆವೆಲ್ ಪೈಪ್ ಕೇಳಿ ತನ್ನಿ. ಒಂದು ತುದಿ ರೇಡಿಯೇಟರ್ ಮುಚ್ಚಳದ ಪಕ್ಕ, ಇನ್ನೊಂದು ಹೋಸ್ ಅತಿ ಎತ್ತರ ಇರುವಲ್ಲಿ ಹಿಡಿಯಿರಿ. ಹೋಸ್ ಮೇಲಿದ್ರೆ ಕ್ಲಿಪ್ ಬಿಗಿಸೋಕೆ ಹೋಗಬೇಡಿ.