ಓದುಗರ ಪ್ರಶ್ನೆ: ಹಳೆಯ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವ ಮುನ್ನ

ಪ್ರಶ್ನೆ: ಮಡಗಾವಿನಲ್ಲಿ ಒಬ್ಬರ ಬಳಿ ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್ ಮಾರಾಟಕ್ಕಿದೆ. ಹೆಡ್‌ಸ್ಟಾಕಿನ (ತಂತಿ ಬಿಗಿಯುವ ತುದಿಯ) ಮೇಲೆ ‘ಎಸ್ 9’ ಎಂದು ಶುರುವಾಗುವ ನಂಬರ್ ಇದೆ. 1979ರದ್ದು ಎನ್ನುತ್ತಾರೆ. ಒಮ್ಮೆ ಹೋಗಿ ನೋಡಿಬರಬಹುದು, ಅಷ್ಟೇ. ಏನೇನು ಪರೀಕ್ಷಿಸಬೇಕು?
— ಓದುಗರು, ಕೋಡಿಬಾಗ, ಕಾರವಾರ

ಉತ್ತರ: ನಂಬರನ್ನು ಕೊನೆಗೆ ನೋಡಿ. 1976ರಿಂದ ಫೆಂಡರ್ ಈ ನಂಬರನ್ನು ಲಾಂಛನದ ಜೊತೆ ಸ್ಟಿಕ್ಕರಿನಂತೆ ಹೆಡ್‌ಸ್ಟಾಕಿಗೆ ಹಚ್ಚುತ್ತಿತ್ತು. ಅಂಥದ್ದನ್ನು ಈಗ ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು. ಅಸಲಿಯೇ ಆಗಿದ್ದರೂ ‘ಎಸ್ 9’ ನಂಬರುಗಳು 1979 ಮುಗಿದ ಮೇಲೂ, 1981ರವರೆಗೆ ಬಳಕೆಯಲ್ಲಿದ್ದವು. ಅದಕ್ಕಿಂತ ಮುಖ್ಯವಾದ ಮಾತು: ಫೆಂಡರಿನ ನೆಕ್ (ಬೆರಳೊತ್ತಿ ನುಡಿಸುವ ಉದ್ದನೆಯ ಭಾಗ) ಸ್ಕ್ರೂನಲ್ಲಿ ಕೂತಿರುತ್ತದೆ, ಬಿಚ್ಚಿ ಬೇರೆ ಬಾಡಿಗೆ ಹಾಕಲು ಹತ್ತು ನಿಮಿಷ ಸಾಕು. ಆ ನಂಬರ್ ನೆಕ್‌ನದು, ಇಡೀ ಗಿಟಾರಿನದಲ್ಲ.

ಜೊತೆಗೆ ಒಯ್ಯಬೇಕಾದ್ದು: ಮಲ್ಟಿಮೀಟರ್, ಗಿಟಾರ್ ಕೇಬಲ್, ಸ್ಟಾರ್ ಸ್ಕ್ರೂಡ್ರೈವರ್, ಮಿಲಿಮೀಟರ್ ಗುರುತಿರುವ ಸ್ಟೀಲ್ ಸ್ಕೇಲು, ಸಣ್ಣ ಅಯಸ್ಕಾಂತ, ಟಾರ್ಚು, 1/8 ಇಂಚಿನ ಅಲೆನ್ ಕೀ, ಒಂದು ಸೆಟ್ ಹೊಸ ತಂತಿ. ಪಿಕ್‌ಗಾರ್ಡ್ (ಬಾಡಿಯ ಮುಂಭಾಗದ ಪ್ಲಾಸ್ಟಿಕ್ ತಗಡು) ಬಿಚ್ಚಿ ನೋಡಲು ಬಿಡುತ್ತಾರೆಯೇ ಎಂದು ಫೋನಿನಲ್ಲೇ ಕೇಳಿ. ಬಿಡುವುದಿಲ್ಲ ಎಂದರೆ ರೈಲು ಹತ್ತಬೇಡಿ.

ಮೊದಲು ಬಿಚ್ಚದೇ ನೋಡುವಂಥವು. 1979ರ ಸ್ಟ್ರ್ಯಾಟಿಗೆ ದೊಡ್ಡ ಹೆಡ್‌ಸ್ಟಾಕ್ ಇರಬೇಕು. ನಟ್‌ನ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿಯ) ಹಿಂದೆ ಬಂದೂಕಿನ ಗುಂಡಿನ ತುದಿಯಂಥ ಟ್ರಸ್ ರಾಡ್ ನಟ್ ಕಾಣಬೇಕು. ಟ್ರಸ್ ರಾಡ್ ಎಂದರೆ ನೆಕ್‌ನ ಬಾಗು ಸರಿಪಡಿಸಲು ಅದರೊಳಗಿರುವ ಲೋಹದ ಸರಳು. ಬೆನ್ನಿನ ನೆಕ್ ಪ್ಲೇಟಿಗೆ ಮೂರೇ ಸ್ಕ್ರೂ. 1971ರ ಕೊನೆಯಿಂದ 1981ರವರೆಗೆ ಹೀಗಿತ್ತು. 1977ರಲ್ಲಿ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸುರುಳಿ) ಆರಿಸುವ ಐದು ಸ್ಥಾನದ ಸ್ವಿಚ್ ಬಂತು, ಅದಕ್ಕೂ ಮೊದಲು ಮೂರು ಸ್ಥಾನದ್ದು. ಪಿಕಪ್ಪಿನ ಆರು ಅಯಸ್ಕಾಂತದ ಕಂಬಗಳು ಒಂದೇ ಎತ್ತರಕ್ಕಿರಬೇಕು. ಏರುಪೇರಾಗಿದ್ದರೆ ಪಿಕಪ್ 1974ಕ್ಕಿಂತ ಹಿಂದಿನದು ಅಥವಾ ಆಮೇಲೆ ಬದಲಾಯಿಸಿದ್ದು. ನೆಕ್‌ನ ಮೇಲಿನ ಲೋಹದ ಅಡ್ಡಪಟ್ಟಿಗಳು, ಅಂದರೆ ಫ್ರೆಟ್, 21. ನಟ್‌ನಿಂದ 12ನೇ ಫ್ರೆಟ್‌ಗೆ 324 ಮಿ.ಮೀ., ಅಂದರೆ ಪೂರ್ತಿ ಸ್ಕೇಲ್ (ನಟ್‌ನಿಂದ ಬಾಡಿಯ ಮೇಲಿನ ಬ್ರಿಜ್‌ವರೆಗೆ ನುಡಿಯುವ ತಂತಿಯ ಉದ್ದ) 648.

ಬಣ್ಣವನ್ನು ನಿಧಾನವಾಗಿ ನೋಡಿ. ಆ ವರ್ಷಗಳ ಬಾಡಿಗೆ ದಪ್ಪ ಪಾಲಿಯೆಸ್ಟರ್ ಲೇಪವಿತ್ತು. ಅದು ಏಟು ಬಿದ್ದಲ್ಲಿ ಚಕ್ಕೆಯಾಗಿ ಏಳುತ್ತದೆ, ಅಂಚು ಗಾಜಿನಂತೆ ಚೂಪಾಗಿರುತ್ತದೆ. ಮೊಣಕೈ ತಾಗುವಲ್ಲಿ ನಯವಾಗಿ ಸವೆದು ಮರ ಕಂಡರೆ, ಮೈತುಂಬ ಕೂದಲೆಳೆಯಂಥ ಬಿರುಕಿದ್ದರೆ, ಅದು ಹಳತಾದದ್ದಲ್ಲ, ಹಳತು ಕಾಣಲೆಂದು ಮತ್ತೆ ಬಣ್ಣ ಹೊಡೆದದ್ದು. ಹೆಡ್‌ಸ್ಟಾಕಿನ ಮುಖ ಮಾತ್ರ ನೆಕ್‌ನ ಉಳಿದ ಭಾಗಕ್ಕಿಂತ ಹಳದಿಯಾಗಿದ್ದರೆ ಹೆದರಬೇಡಿ, ಅದು ಒಳ್ಳೆಯ ಲಕ್ಷಣ: ಅಲ್ಲಿ ಬೇರೆ ಬಗೆಯ ಲ್ಯಾಕರ್ ಹೊಡೆಯುತ್ತಿದ್ದರು.

ಬೆನ್ನಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಬ್ರಿಜ್‌ನ ದಪ್ಪ ಲೋಹದ ತುಂಡಿಗೆ ಅಯಸ್ಕಾಂತ ಹಿಡಿಯಿರಿ. 1979ರದ್ದು ಸತು ಮಿಶ್ರಣದ ಎರಕ, ಅಂಟಬಾರದು. ಅಂಟಿದರೆ ಉಕ್ಕು: 70ರ ದಶಕದ ಆರಂಭಕ್ಕಿಂತ ಹಿಂದಿನದು ಅಥವಾ ಹೊಸದಾಗಿ ಹಾಕಿದ್ದು. ಉಕ್ಕಿನದು ನಾದಕ್ಕೆ ಒಳ್ಳೆಯದೇ ಇರಬಹುದು, ಆದರೆ ‘ಎಲ್ಲ ಅಸಲಿ’ ಎಂಬ ಬೆಲೆ ಕೊಡಬೇಡಿ.

ಈಗ ಮಲ್ಟಿಮೀಟರ್. ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ತಿರುಗಿಸಿ, ಕೇಬಲಿನ ಇನ್ನೊಂದು ತುದಿಯ ಪ್ಲಗ್ಗಿನ ತುದಿಗೆ ಒಂದು ಕಡ್ಡಿ, ಬುಡಕ್ಕೆ ಇನ್ನೊಂದು ಹಿಡಿಯಿರಿ. ಸ್ವಿಚ್ಚಿನ 1, 3, 5ನೇ ಸ್ಥಾನಗಳಲ್ಲಿ 5.5ರಿಂದ 6 ಕಿಲೋ ಓಮ್ ಆಸುಪಾಸು ಬರಬೇಕು. 2 ಮತ್ತು 4ರಲ್ಲಿ ಎರಡು ಪಿಕಪ್ ಸಮಾಂತರವಾಗುವುದರಿಂದ ಸುಮಾರು ಅರ್ಧ. ಸೊನ್ನೆ ಬಂದರೆ ಎಲ್ಲೋ ಶಾರ್ಟ್. 250 ಕಿಲೋ ಹತ್ತಿರ ತೋರಿಸಿದರೆ ಕಾಯಿಲ್ ಒಳಗೆ ತಂತಿ ತುಂಡಾಗಿದೆ. ಮೀಟರ್ ತೋರಿಸುತ್ತಿರುವುದು ವಾಲ್ಯೂಮ್ ಪಾಟ್‌ನ (ತಿರುಗಿಸುವ ಗುಬ್ಬಿಯ ಕೆಳಗಿನ ರೋಧಕದ) ಅಳತೆಯನ್ನು. ಸೆಕೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ತಾಮ್ರದ ರೋಧ ಒಂದು ಡಿಗ್ರಿಗೆ ಸುಮಾರು 0.4 ಶೇಕಡಾ ಏರುತ್ತದೆ. 20 ಡಿಗ್ರಿಯಲ್ಲಿ 5.8 ಇದ್ದದ್ದು ನಮ್ಮ ಏಪ್ರಿಲ್ ಮಧ್ಯಾಹ್ನದ 33 ಡಿಗ್ರಿಯಲ್ಲಿ 6.1 ಆಗುತ್ತದೆ. ಹೊರದೇಶದ ಅಂಕಿಗೆ ಹೋಲಿಸಿ ‘ಪಿಕಪ್ ಬೇರೆ’ ಎಂದು ಕೈಬಿಡಬೇಡಿ.

ಪಿಕ್‌ಗಾರ್ಡ್ ಎತ್ತಿದಾಗ ಪಾಟ್‌ಗಳ ಬೆನ್ನಿನ ಸಂಕೇತ ಓದಿ. 137 7932 ಎಂದಿದ್ದರೆ 137 ಎನ್ನುವುದು ತಯಾರಕರಾದ ಸಿಟಿಎಸ್, 79 ವರ್ಷ, 32 ಆ ವರ್ಷದ ವಾರ, ಅಂದರೆ ಆಗಸ್ಟ್. 304 ಇದ್ದರೆ ಸ್ಟ್ಯಾಕ್‌ಪೋಲ್. ಗಿಟಾರ್ ಇದಕ್ಕಿಂತ ಮೊದಲು ತಯಾರಾಗಿರಲು ಸಾಧ್ಯವಿಲ್ಲ ಎಂಬುದಷ್ಟೇ ಇದರಿಂದ ಖಚಿತ. ಪಾಟ್‌ಗಳು ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತಿದ್ದವು. 1966ರ ಪಾಟ್‌ಗಳು ಅದರ ನಂತರದ ಫೆಂಡರುಗಳಲ್ಲೂ ಧಾರಾಳವಾಗಿ ಸಿಗುತ್ತವೆ. ಮೂರೂ ಪಾಟ್‌ನ ವರ್ಷ ಹೊಂದಿಕೆಯಾಗಿ, ಬೆಸುಗೆ ಮಾಸಿದ ಬೂದು ಬಣ್ಣದಲ್ಲಿದ್ದರೆ ಯಾರೂ ಕೈ ಹಾಕಿಲ್ಲ. ಹೊಳೆಯುವ ಬೆಸುಗೆ ಕಂಡಲ್ಲಿ ಏನು ಬದಲಾಗಿದೆ ಎಂದು ಕೇಳಿ.

ಮೂರು ಸ್ಕ್ರೂ ನೆಕ್‌ನ ದೋಷವೆಂದರೆ ಪಕ್ಕಕ್ಕೆ ಅಲುಗುವುದು. ಬಾಡಿ ಹಿಡಿದು ಹೆಡ್‌ಸ್ಟಾಕನ್ನು ಆಚೀಚೆ ಮೆಲ್ಲಗೆ ಒತ್ತಿ. ‘ಟಕ್’ ಎಂದರೆ, ಅಥವಾ ಮೊದಲ ಮತ್ತು ಆರನೇ ತಂತಿಗಳು ಫಿಂಗರ್‌ಬೋರ್ಡಿನ (ನೆಕ್‌ನಲ್ಲಿ ಫ್ರೆಟ್ ಕೂತಿರುವ ಹಲಗೆಯ) ಅಂಚಿನಿಂದ ಬೇರೆ ಬೇರೆ ದೂರದಲ್ಲಿದ್ದರೆ, ಬಾಡಿಯಲ್ಲಿ ನೆಕ್ ಕೂರುವ ಕುಳಿ ಸಡಿಲ. ಸ್ಕ್ರೂ ಬಿಗಿ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸ್ಕ್ರೂ ತೂತೇ ಸವೆದಿದ್ದರೆ ಅದನ್ನು ತುಂಬಿಸಿ ಮತ್ತೆ ಕೊರೆಯಬೇಕು.

ಪ್ರಶ್ನೆ: ಗಿಬ್ಸನ್ ಲೆಸ್ ಪಾಲ್‌ನ ಹಿಂಬದಿಯಲ್ಲಿ 71459612 ಎಂದು ಕೊರೆದಿದೆ. ಮಾರುವವರು 1971ರದ್ದು ಎಂದು ಬೆಲೆ ಕಟ್ಟಿದ್ದಾರೆ. ಸರಿಯೇ?
— ಓದುಗರು, ಶಿರಸಿ

ಉತ್ತರ: ಇಲ್ಲ. 1977ರಿಂದ ಗಿಬ್ಸನ್ ಎಂಟು ಅಂಕಿ ಬಳಸಿತು. ಮೊದಲನೆಯ ಮತ್ತು ಐದನೆಯ ಅಂಕಿ ಸೇರಿದರೆ ವರ್ಷ, ನಡುವಿನ ಮೂರು ಅಂಕಿ ವರ್ಷದ ಎಷ್ಟನೇ ದಿನ ಎಂಬುದು. ನಿಮ್ಮದು 7 ಮತ್ತು 9, ಅಂದರೆ 1979. 145ನೇ ದಿನ ಮೇ 25. ಕೊನೆಯ 612 ಐನೂರರ ಮೇಲಿರುವುದರಿಂದ ನ್ಯಾಶ್‌ವಿಲ್ ಕಾರ್ಖಾನೆ. 1971ರಲ್ಲಿ ಆರೇ ಅಂಕಿ ಇದ್ದವು.

ಮರವೂ ಇದನ್ನೇ ಹೇಳಬೇಕು. 1971ರ ಬಾಡಿಯ ಬದಿಯಲ್ಲಿ ಮಹಾಗನಿಯ ಎರಡು ಹಲಗೆಯ ನಡುವೆ ತೆಳು ಮೇಪಲ್ ಗೆರೆ ಕಾಣುತ್ತದೆ, ನೆಕ್ ಮಹಾಗನಿಯದು. 1979ರಲ್ಲಿ ಆ ಗೆರೆ ಇಲ್ಲ, ನೆಕ್ ಮೇಪಲ್. ಎರಡರಲ್ಲೂ ನಟ್‌ನ ಹಿಂಬದಿಯಲ್ಲಿ ಮರದ ಸಣ್ಣ ಉಬ್ಬು ಇರುತ್ತದೆ. ಆ ಉಬ್ಬನ್ನು ಓರೆ ಬೆಳಕಿನಲ್ಲಿ, ಬೆರಳಿನ ಉಗುರಿನಿಂದ ಸವರಿ ನೋಡಿ. ಗಿಬ್ಸನ್ ಮುರಿಯುವುದು ಅಲ್ಲೇ. ಮುರಿದು ಅಂಟಿಸಿದ್ದು ಚೆನ್ನಾಗಿ ನುಡಿಯಬಹುದು, ಬೆಲೆ ಮಾತ್ರ ಅರ್ಧದ ಹತ್ತಿರ ಇಳಿಯಬೇಕು. ಪಿಕಪ್ಪಿನ ತಳದಲ್ಲಿ ಪೇಟೆಂಟ್ ನಂಬರ್ 2,737,842 ಇದ್ದರೆ ಗಾಬರಿ ಬೇಡ. ಅದು ತಂತಿ ಕಟ್ಟುವ ಟೇಲ್‌ಪೀಸಿನ ಪೇಟೆಂಟ್. ಗಿಬ್ಸನ್ ವರ್ಷಗಟ್ಟಲೆ ಪಿಕಪ್ಪಿನ ಮೇಲೂ ಅದನ್ನೇ ಹಾಕಿತು.

ಪ್ರಶ್ನೆ: ದುಬೈನಲ್ಲಿರುವ ಭಾವ 1964ರ ಫೆಂಡರ್ ಜಾಗ್ವಾರ್ ತರುತ್ತೇನೆ ಎನ್ನುತ್ತಾರೆ. ತೊಂದರೆ ಉಂಟೇ?
— ಓದುಗರು, ಭಟ್ಕಳ

ಉತ್ತರ: ಉಂಟು, ಫಿಂಗರ್‌ಬೋರ್ಡಿನಿಂದ. 60ರ ದಶಕದ ನಡುವಿನವರೆಗೂ ಫೆಂಡರ್ ಬ್ರೆಜಿಲ್‌ನ ಬೀಟೆ ಬಳಸುತ್ತಿತ್ತು. ಆಮೇಲೆ ಬಂದದ್ದು ಭಾರತದ ಬೀಟೆ, ನಮ್ಮ ಘಟ್ಟದ ಕಾಡಿನ ಜಾತಿ. ಬ್ರೆಜಿಲ್‌ನದು 1992ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. 2019ರಲ್ಲಿ ಸಿದ್ಧ ವಾದ್ಯಗಳಿಗೆ ಕೊಟ್ಟ ವಿನಾಯಿತಿ ಉಳಿದ ಬೀಟೆಗಳಿಗೆ, ಇದಕ್ಕಲ್ಲ. ಗಿಟಾರ್ ಒಪ್ಪಂದಕ್ಕೂ ಹಿಂದಿನದು ಎಂಬ ಪ್ರಮಾಣಪತ್ರವನ್ನು ಅಲ್ಲಿನ ಸೈಟಿಸ್ ಕಚೇರಿಯಿಂದ ಪಡೆದು, ಇಲ್ಲಿನ ಆಮದು ಅನುಮತಿಯನ್ನೂ ವಿಚಾರಿಸಿಕೊಂಡೇ ಹೊರಡಲಿ. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಜಪ್ತಿಯಾಗಬಹುದು.

ವರ್ಷ ಖಚಿತಪಡಿಸಲು ನೆಕ್ ಬಿಚ್ಚಿ ಬುಡ ನೋಡಲು ಹೇಳಿ. ತಿಂಗಳು, ವರ್ಷದ ಮುದ್ರೆ ಇರುತ್ತದೆ. ಅದಕ್ಕೂ ಮೊದಲು ಬರುವ ಅಂಕಿ ತಾರೀಕಲ್ಲ, ಮಾಡೆಲಿನ ಸಂಕೇತ. ಕೊನೆಯ ಅಕ್ಷರ ನಟ್‌ನ ಅಗಲ. ಬುಡದಲ್ಲಿ ಬೀಟೆ ಕಮಾನಿನಂತೆ ಬಾಗಿದ ತೆಳು ಪದರವಾಗಿರಬೇಕು. ದಪ್ಪ ಚಪ್ಪಟೆ ಹಲಗೆಯಿದ್ದರೆ ಅದು 1962ರ ನಡುವಿಗಿಂತ ಮೊದಲಿನ ಕ್ರಮ, 1964ಕ್ಕೆ ಹೊಂದುವುದಿಲ್ಲ.

ಪ್ರಶ್ನೆ: ಕಡಲ ಹತ್ತಿರದ ಮನೆಯಲ್ಲಿ ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲೇ ಇದ್ದ ಗಿಟಾರ್ ಕೊಳ್ಳಬಹುದೇ?
— ಓದುಗರು, ಅಂಕೋಲಾ

ಉತ್ತರ: ಕೊಳ್ಳಬಹುದು, ಆದರೆ ಎರಡು ಜಾಗ ನೋಡಿ. ಒಂದು ಪಿಕಪ್. ಅದರ ತಂತಿ 0.063 ಮಿ.ಮೀ., ಕೂದಲಿನಷ್ಟು. ಉಪ್ಪುಗಾಳಿಯ ತೇವ ಬೆಸುಗೆ ಕೂಡುವಲ್ಲಿ ಅದನ್ನು ತಿನ್ನುತ್ತದೆ. ಮೀಟರಿನ ಅಂಕಿ ಸ್ಥಿರವಾಗಿ ನಿಲ್ಲದೆ ಕುಣಿಯುತ್ತಿದ್ದರೆ ಅದೇ ಕಾರಣ. ಇನ್ನೊಂದು ಟ್ರಸ್ ರಾಡ್. ಒಂದನೇ ಮತ್ತು ಕೊನೆಯ ಫ್ರೆಟ್‌ನಲ್ಲಿ ಆರನೇ ತಂತಿಯನ್ನು ಒತ್ತಿಹಿಡಿದು ಏಳನೇ ಫ್ರೆಟ್‌ನ ಸಂದು ನೋಡಿ. ವಿಸಿಟಿಂಗ್ ಕಾರ್ಡ್ ದಪ್ಪ, ಅಂದರೆ 0.3 ಮಿ.ಮೀ. ಒಳಗಿದ್ದರೆ ಸರಿ. ಒಂದು ಮಿ.ಮೀ. ಇದ್ದರೆ ಮಾಲೀಕರ ಒಪ್ಪಿಗೆ ಪಡೆದು, ತಂತಿ ಸಡಿಲಿಸಿ, ಟ್ರಸ್ ರಾಡ್ ನಟ್ಟನ್ನು ಕಾಲು ಸುತ್ತು ತಿರುಗಿಸಿ. ತುಕ್ಕು ಹಿಡಿದು ಅಲುಗದಿದ್ದರೆ ಬಲ ಹಾಕಬೇಡಿ. ರಾಡ್ ಮುರಿದರೆ ದುರಸ್ತಿ ದೊಡ್ಡ ಕೆಲಸ. ಕರಕರ ಸದ್ದು ಮಾಡುವ ಪಾಟ್, ಹಸಿರುಗಟ್ಟಿದ ಜ್ಯಾಕ್ ಸಣ್ಣ ಖರ್ಚು, ಅದಕ್ಕಾಗಿ ಬಿಡಬೇಡಿ.

ಪ್ರಶ್ನೆ: ಗಿಟಾರಿನ ಜೊತೆ ಹಳೆಯ ಅಮೆರಿಕನ್ ವಾಲ್ವ್ ಆಂಪ್ಲಿಫೈಯರೂ ಸಿಗುತ್ತದೆ. ಹಾಕಿ ನೋಡಬಹುದೇ?
— ಓದುಗರು, ಕುಮಟಾ

ಉತ್ತರ: ನೇರವಾಗಿ ಬೇಡ. ಹಿಂಬದಿಯಲ್ಲಿ 117 ವೋಲ್ಟ್ ಎಂದಿದ್ದರೆ ನಮ್ಮ 230ಕ್ಕೆ ಹಾಕಿದ ಕೂಡಲೇ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಫಲಕದಲ್ಲಿರುವ ವ್ಯಾಟ್‌ನ ಒಂದೂವರೆ ಪಟ್ಟು ಸಾಮರ್ಥ್ಯದ್ದು. ಎರಡು ಕಡ್ಡಿಯ ಪ್ಲಗ್ ಇದ್ದರೆ ಅರ್ಥಿಂಗ್ ಇರುವ ಮೂರು ಕಡ್ಡಿಯದಕ್ಕೆ ಬದಲಾಯಿಸುವವರೆಗೆ ಗಿಟಾರ್ ಸಿಕ್ಕಿಸಿ ತಂತಿ ಮುಟ್ಟಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ, ಆದ್ದರಿಂದ ಮುಚ್ಚಳ ತೆರೆಯುವ ಕೆಲಸ ವಾಲ್ವ್ ರೇಡಿಯೊ ದುರಸ್ತಿ ಬಲ್ಲವರದ್ದು.