ಮೀನು ಬಿಡಿಸಬೇಡಿ, ಮಾತ್ರೆಯ ಹೊತ್ತು ಬದಲಿಸಿ

ಥೈರಾಯ್ಡ್ ಹಾರ್ಮೋನಿನ ಕೊರತೆಗೆ ಕೊಡುವ ಥೈರಾಕ್ಸಿನ್ ಮಾತ್ರೆ ತಪ್ಪದೆ ತೆಗೆದುಕೊಂಡರೂ ಕುಮಟಾದಲ್ಲಿರುವ ನಿಮ್ಮ ತಾಯಿಯ ಟಿಎಸ್‌ಎಚ್ (ಆ ಕೊರತೆಯಿದ್ದಾಗ ರಕ್ತದಲ್ಲಿ ಏರುವ ಹಾರ್ಮೋನು) ಇಳಿದಿಲ್ಲ, ಮೀನು ಮತ್ತು ಎಲೆಕೋಸು ಬಿಡಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಿಸಬೇಡಿ. ಬಂಗಡೆ ಸಾರು ಇಲ್ಲದೆ ಕರಾವಳಿಯವರಿಗೆ ಊಟ ಸೇರುವುದಾದರೂ ಹೇಗೆ! ಬೇಯಿಸಿದ ಎಲೆಕೋಸನ್ನೂ ಮಿತವಾಗಿ ತಿನ್ನಬಹುದು.

ನನಗೆ ಮುಖ್ಯವಾಗಿ ಕಂಡದ್ದು ನೀವು ಕೊನೆಯಲ್ಲಿ ಬರೆದದ್ದು: ಮಾತ್ರೆ ನುಂಗಿದ ಕೂಡಲೇ ಹಾಲು ಹಾಕಿದ ಕಷಾಯ, ತಿಂಡಿಯೊಂದಿಗೆ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗಳು ಥೈರಾಕ್ಸಿನ್ ಕರುಳಿನಲ್ಲಿ ಹೀರಿಕೆಯಾಗದಂತೆ ತಡೆಯುತ್ತವೆ. ಹಾಲು, ಚಹಾ, ಕಾಫಿಯೂ ಹೀರಿಕೆಯನ್ನು ತಗ್ಗಿಸಬಹುದು. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ಮಾತ್ರೆ ಕೊಡಿ. ಕಷಾಯ, ತಿಂಡಿ ಅರ್ಧದಿಂದ ಒಂದು ಗಂಟೆಯ ನಂತರ. ಕ್ಯಾಲ್ಸಿಯಂಗೆ ಕನಿಷ್ಠ 4 ಗಂಟೆ ಅಂತರವಿರಲಿ. ಮಧ್ಯಾಹ್ನದ ಊಟಕ್ಕೆ ಸರಿಸಿದರೆ ಮರೆಯುವುದಿಲ್ಲ.

ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಮಾತ್ರೆ ಕೆಡಬಹುದು. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಒಲೆಯ ಪಕ್ಕ ಇಡಬೇಡಿ.

ಈ ಬದಲಾವಣೆಯನ್ನು ವೈದ್ಯರಿಗೂ ತಿಳಿಸಿ, 6ರಿಂದ 8 ವಾರಗಳ ನಂತರ ರಕ್ತ ಪರೀಕ್ಷೆ ಮಾಡಿಸಿ. ಪ್ರಮಾಣವನ್ನು ನೀವಾಗಿಯೇ ಹೆಚ್ಚಿಸಬೇಡಿ. ಹೆಚ್ಚಾದರೆ ಎದೆಬಡಿತ ಏರುತ್ತದೆ, ವಯಸ್ಸಾದವರಲ್ಲಿ ಮೂಳೆಯೂ ಸವೆಯುತ್ತದೆ. ಅಲ್ಲಿಯವರೆಗೆ ಈ ಕೊರತೆಯಿಂದ ತಾಯಿಗಾಗುವ ಆಯಾಸವನ್ನು ಮನೆಯಲ್ಲಿ ಯಾರೂ ಸೋಮಾರಿತನ ಎನ್ನದಂತೆ ನೋಡಿಕೊಳ್ಳಿ.