ಒಸಿಡಿಯೂ ಇದೆ, ಸದ್ದು–ಸ್ಪರ್ಶವೂ ಆಗದು: ಮೊದಲು ಯಾವ ಥೆರಪಿ?

ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: ಒಂಬತ್ತು ವರ್ಷದ ಮಗನಿಗೆ ಒಸಿಡಿ, ಅಂದರೆ ಗೀಳು ಕಾಯಿಲೆ ಇದೆ ಎಂದು ಮನೋವೈದ್ಯರು ಹೇಳಿದ್ದಾರೆ. ಕೈ ತೊಳೆಯಲು ನಿಂತರೆ ಅರ್ಧ ಗಂಟೆ. ‘ನನ್ನ ಕೈಯಿಂದ ಪಾಪುಗೆ ಜ್ವರ ಬರಲ್ಲ ಅಲ್ವಾಮ್ಮ?’ ಎಂದು ದಿನವಿಡೀ ಕೇಳುತ್ತಾನೆ. ಇದರ ಜೊತೆಗೆ ಬನಿಯನ್ನಿನ ಲೇಬಲ್, ಕಾಲುಚೀಲದ ಹೊಲಿಗೆ, ಮಿಕ್ಸಿ ಸದ್ದು ಚಿಕ್ಕಂದಿನಿಂದಲೂ ಆಗದು. ಒಂದು ಕೇಂದ್ರದವರು ವಾರಕ್ಕೆ ಮೂರು ದಿನ ಸೆನ್ಸರಿ ಇಂಟಿಗ್ರೇಷನ್ (ಸದ್ದು, ಸ್ಪರ್ಶದಂಥ ಇಂದ್ರಿಯ ಸೂಕ್ಷ್ಮತೆಗೆ ಕೊಡುವ ಥೆರಪಿ) ಬೇಕು ಎಂದರಂತೆ. ವೈದ್ಯರು ಮಾತ್ರೆ ಎನ್ನುತ್ತಾರೆ, ನೆಂಟರು ಕೌನ್ಸೆಲಿಂಗ್ ಎನ್ನುತ್ತಾರೆ. ಎಲ್ಲವನ್ನೂ ಕೊಡಿಸುವಷ್ಟು ಹಣವಿಲ್ಲ, ಯಾವುದು ಮೊದಲು? ಮನೆಯಲ್ಲಿ ಅಜ್ಜಿ ಮಡಿ ಆಚರಿಸುತ್ತಾರೆ, ಅದೂ ಒಸಿಡಿಯೇ?

ಪ್ರಿಯ ಓದುಗರೆ,

ನೇರ ಉತ್ತರ ಮೊದಲು. ನಿಮ್ಮ ಹಣ, ಸಮಯ, ಓಡಾಟದ ದೊಡ್ಡ ಪಾಲು ಒಸಿಡಿಯ ಚಿಕಿತ್ಸೆಗೆ ಹೋಗಲಿ. ಅದರ ಹೆಸರು ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್, ಚಿಕ್ಕದಾಗಿ ಇಆರ್‌ಪಿ: ಭಯವನ್ನು ಮೆಲ್ಲಗೆ ಎದುರಿಸುತ್ತಾ ಗೀಳಿನ ಕ್ರಿಯೆಯನ್ನು ಮಾಡದಿರಲು ಕಲಿಸುವ ಥೆರಪಿ. ಸೆನ್ಸರಿ ತೊಂದರೆಗೆ ಆಕ್ಯುಪೇಷನಲ್ ಥೆರಪಿಸ್ಟರ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ತಜ್ಞರ) ಸಲಹೆ ಬೇಕು. ಆದರೆ ಅದನ್ನು ಒಂದೆರಡು ಭೇಟಿಯಿಂದ ಶುರು ಮಾಡಬಹುದು, ವಾರಕ್ಕೆ ಮೂರು ದಿನ ಬೇಕಿಲ್ಲ. ಉಯ್ಯಾಲೆ, ಬ್ರಶ್ಶಿಂಗ್, ಭಾರದ ಹೊದಿಕೆಗಳಿಂದ ಒಸಿಡಿ ವಾಸಿಯಾಗುವುದಿಲ್ಲ.

ಥೆರಪಿಸ್ಟರನ್ನು ಹುಡುಕುವುದಕ್ಕೂ ಮುಂಚೆ ಮನೆಯಲ್ಲೇ ಆಗಬೇಕಾದ ಕೆಲಸವೊಂದಿದೆ. ಮಗನ ಯಾವ ನಡವಳಿಕೆ ಭಯದಿಂದ ಬಂದದ್ದು, ಯಾವುದು ಮೈಗೆ ನಿಜವಾಗಿ ಹಿಂಸೆಯಾಗಿ ಬಂದದ್ದು ಎಂದು ಬೇರೆ ಮಾಡಬೇಕು. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಕಾಲುಚೀಲವನ್ನು ಐದು ಸಲ ಬಿಚ್ಚಿ ಹಾಕುವ ಮಗು ಹೊಲಿಗೆ ಚುಚ್ಚುವುದಕ್ಕೆ ಹಾಗೆ ಮಾಡುತ್ತಿರಬಹುದು. ‘ಸರಿಯಾಗಿ ಹಾಕದಿದ್ದರೆ ಅಮ್ಮನಿಗೆ ಏನೋ ಆಗುತ್ತದೆ’ ಎಂಬ ಹೆದರಿಕೆಗೂ ಮಾಡುತ್ತಿರಬಹುದು. ಹತ್ತು ದಿನ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಬರೆಯಿರಿ: ಅದಕ್ಕೆ ಮುಂಚೆ ಏನು ನಡೆಯಿತು, ಅವನು ಏನು ಮಾಡಿದ, ಮಾಡದಿದ್ದರೆ ಏನಾಗುತ್ತದೆ ಎಂದ, ಯಾವಾಗ ನಿಲ್ಲಿಸಿದ. ಮೂರನೆಯ ಮತ್ತು ನಾಲ್ಕನೆಯ ಕಾಲಂಗಳೇ ಮುಖ್ಯ. ಹೊಲಿಗೆಯಿಲ್ಲದ ಕಾಲುಚೀಲ ಕೊಟ್ಟ ಕೂಡಲೇ ಸುಮ್ಮನಾಗಿ ಶಾಲೆಗೆ ಹೊರಟರೆ ಅದು ಮೈಯ ತೊಂದರೆ. ಹೊಸದನ್ನು ಹಾಕಿದ ಮೇಲೂ ಎಣಿಕೆ, ಕ್ರಮ, ‘ಇನ್ನೊಂದ್ಸಲ’ ಮುಂದುವರಿದರೆ, ಅಥವಾ ನಿಮ್ಮಿಂದ ಒಂದು ಮಾತು ಹೇಳಿಸಿಕೊಂಡರಷ್ಟೇ ಮುಗಿದರೆ ಅದು ಒಸಿಡಿ.

ಮೂರನೆಯ ಬಗೆಯೊಂದಿದೆ, ಎಲ್ಲರೂ ತಪ್ಪುವುದು ಇಲ್ಲೇ. ಭಯವೇನೂ ಇಲ್ಲ, ನೋವೂ ಇಲ್ಲ, ಆದರೆ ‘ಸರಿ ಅನ್ನಿಸ್ತಿಲ್ಲ’. ಎಡಗೈ ತಾಗಿದರೆ ಬಲಗೈಯನ್ನೂ ತಾಗಿಸಬೇಕು, ಅಕ್ಷರವನ್ನು ಅಳಿಸಿ ಅಳಿಸಿ ಬರೆಯಬೇಕು. ಇದು ಸೆನ್ಸರಿ ತೊಂದರೆಯಂತೆ ಕಂಡರೂ ಒಸಿಡಿಯ ಒಂದು ಸಾಮಾನ್ಯ ರೂಪ. ಆ ಅರೆಬರೆ ಅನ್ನಿಸಿಕೆಯನ್ನು ಸರಿಪಡಿಸದೆ ಹಾಗೇ ಇರಲು ಕಲಿಸುವುದೇ ಇದಕ್ಕೆ ಚಿಕಿತ್ಸೆ.

ಈ ವಿಂಗಡಣೆ ತಪ್ಪಿದರೆ ಎರಡು ಕಡೆಯಿಂದಲೂ ಪೆಟ್ಟು. ನಿಜವಾಗಿ ಚುಚ್ಚುವ ಬಟ್ಟೆಯನ್ನು ‘ಅಭ್ಯಾಸವಾಗಲಿ’ ಎಂದು ಬಲವಂತವಾಗಿ ತೊಡಿಸಿದರೆ ಚುಚ್ಚುವುದು ಕಡಿಮೆಯಾಗುವುದಿಲ್ಲ, ಮಗು ಥೆರಪಿಯನ್ನೇ ದ್ವೇಷಿಸುತ್ತದೆ. ಇತ್ತ ಕೊಳೆಯ ಭಯಕ್ಕೆ ‘ಅವನಿಗೆ ಸೆನ್ಸರಿ ಪ್ರಾಬ್ಲಂ’ ಎಂದು ಗ್ಲೌಸ್, ಬೇರೆ ಟವೆಲ್, ಬೇರೆ ತಟ್ಟೆ ಕೊಟ್ಟರೆ ಒಸಿಡಿ ವಾರದಿಂದ ವಾರಕ್ಕೆ ಬೆಳೆಯುತ್ತದೆ.

ಇಆರ್‌ಪಿಯಲ್ಲಿ ಏನು ಮಾಡುತ್ತಾರೆ? ಮಗುವಿನ ಜೊತೆ ಕೂತು ಭಯಗಳನ್ನು 0ಯಿಂದ 10ರವರೆಗೆ ಅಂಕ ಹಾಕಿ ಮೆಟ್ಟಿಲುಗಳಾಗಿ ಬರೆಯುತ್ತಾರೆ. ನಿಮ್ಮ ಮಗನ ಪಟ್ಟಿ ಹೀಗಿರಬಹುದು: ಮನೆಯ ಬಾಗಿಲ ಚಿಲಕ ಮುಟ್ಟಿ ಐದು ನಿಮಿಷ ಕೈ ತೊಳೆಯದಿರುವುದು 3, ಚಪ್ಪಲಿ ಮುಟ್ಟಿ ಅದೇ ಕೈಯಲ್ಲಿ ತನ್ನ ಪುಸ್ತಕ ಹಿಡಿಯುವುದು 5, ಹೊರಗಿಂದ ಬಂದು ಒಂದೇ ಸಲ, 20 ಸೆಕೆಂಡ್ ಕೈ ತೊಳೆದು ತಂಗಿಯನ್ನು ಎತ್ತಿಕೊಳ್ಳುವುದು 8. ಶುರು ಮಾಡುವುದು 3ರಿಂದ. ಮುಟ್ಟಿದ ಮೇಲೆ ತೊಳೆಯುವುದಿಲ್ಲ, ಒರೆಸುವುದಿಲ್ಲ, ‘ಏನೂ ಆಗಲ್ಲ ಅಲ್ವಾ’ ಎಂದು ಕೇಳುವುದಿಲ್ಲ. ಕಳವಳ ಏರಿ, ಇದ್ದು, ತಾನಾಗಿಯೇ ಇಳಿಯಲು ಬಿಡುತ್ತಾರೆ. ಅದೇ ಮೆಟ್ಟಿಲನ್ನು ಮನೆಯಲ್ಲಿ ದಿನಾ ಮಾಡಬೇಕು. ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 20 ಭೇಟಿ ಹಿಡಿಯುತ್ತದೆ. ಮನೆ ಅಭ್ಯಾಸವಿಲ್ಲದೆ ವಾರಕ್ಕೊಂದು ಗಂಟೆಯಿಂದ ಏನೂ ಆಗದು.

ಸೆನ್ಸರಿ ಸೂಕ್ಷ್ಮತೆ ಇರುವ ಮಗುವಿಗೆ ಇದರಲ್ಲಿ ಕೆಲವು ಬದಲಾವಣೆ ಬೇಕು. ಅಭ್ಯಾಸ ಮಾಡುವ ಕೋಣೆ ಸದ್ದಿಲ್ಲದ್ದಾಗಿರಲಿ, ಟ್ಯೂಬ್‌ಲೈಟ್ ಮಿನುಗದಿರಲಿ, ಮೈಮೇಲೆ ಹಿತವಾದ ಬಟ್ಟೆಯಿರಲಿ. ಒಂದು ಹೊತ್ತಿಗೆ ಒಂದೇ ಪರೀಕ್ಷೆ. ಕೊಳೆಯ ಭಯಕ್ಕೆ ಅಂಟಂಟು ವಸ್ತುವನ್ನು ಆರಿಸಿದರೆ ಅವನು ಕಿರುಚಿದ್ದು ಯಾವುದಕ್ಕೆ ಎಂದು ಯಾರಿಗೂ ತಿಳಿಯುವುದಿಲ್ಲ, ಒಣ ಚಿಲಕವೇ ಒಳ್ಳೆಯದು. ಇನ್ನೊಂದು ಎಚ್ಚರ: ಭಾರದ ಹೊದಿಕೆ, ಇಯರ್‌ಮಫ್, ಹಿಸುಕುವ ಚೆಂಡುಗಳನ್ನು ಅಭ್ಯಾಸಕ್ಕೆ ಮುಂಚೆ ಅಥವಾ ಮುಗಿದ ಮೇಲೆ ಕೊಡಿ. ಭಯ ಏರಿದ ಕ್ಷಣದಲ್ಲಿ ಕೊಟ್ಟರೆ ‘ಚೆಂಡು ಇದ್ದಿದ್ದರಿಂದ ಬಚಾವಾದೆ’ ಎಂದು ಮಗು ಕಲಿಯುತ್ತದೆ, ಚೆಂಡೇ ಹೊಸ ಗೀಳಾಗುತ್ತದೆ.

ನಿಮ್ಮ ಪಾತ್ರ ದೊಡ್ಡದು. ‘ಪಾಪುಗೆ ಏನೂ ಆಗಲ್ಲ ಕಂದ’ ಎಂದು ನೀವು ಪ್ರೀತಿಯಿಂದ ಕೊಡುವ ಉತ್ತರವೇ ಒಸಿಡಿಗೆ ಆಹಾರ. ಐದು ನಿಮಿಷದ ಸಮಾಧಾನ, ಆಮೇಲೆ ಅದೇ ಪ್ರಶ್ನೆ. ಅದನ್ನು ದಿಢೀರನೆ ನಿಲ್ಲಿಸಬೇಡಿ. ಶಾಂತವಾಗಿರುವ ಹೊತ್ತಿನಲ್ಲಿ ಮೊದಲೇ ಹೇಳಿ: ‘ಸೋಮವಾರದಿಂದ ಈ ಪ್ರಶ್ನೆಗೆ ಒಂದೇ ಸಲ ಉತ್ತರ ಹೇಳ್ತೀನಿ.’ ಮತ್ತೆ ಕೇಳಿದಾಗ, ‘ನಿಂಗೆ ತುಂಬಾ ಕಷ್ಟ ಆಗ್ತಿದೆ, ಗೊತ್ತು. ನೀನು ತಡ್ಕೋತೀಯ, ಅದೂ ಗೊತ್ತು.’ ಅಷ್ಟೇ. ಮೊದಲ ಕೆಲವು ದಿನ ಅಳು, ಸಿಟ್ಟು, ಪ್ರಶ್ನೆ ಎಲ್ಲ ಹೆಚ್ಚುತ್ತವೆ. ಬಹಳ ಮನೆಗಳಲ್ಲಿ ಪ್ರಯತ್ನ ಕೈಬಿಡುವುದು ಆ ದಿನಗಳಲ್ಲೇ. ಅಪ್ಪ ಅಥವಾ ಅಜ್ಜಿ ಒಬ್ಬರು ಉತ್ತರ ಕೊಟ್ಟರೂ ಸಾಕು, ಮಗು ಅವರ ಬಳಿಗೇ ಹೋಗುತ್ತದೆ.

ಅಜ್ಜಿಯ ಮಡಿಯ ಬಗ್ಗೆಯೂ ಕೇಳಿದ್ದೀರಿ. ಮಡಿ ಒಸಿಡಿಯಲ್ಲ. ಅದಕ್ಕೆ ಎಲ್ಲರಿಗೂ ತಿಳಿದ ನಿಯಮವಿದೆ, ಸ್ನಾನ ಮಾಡಿ ಮಡಿ ಉಟ್ಟರೆ ಮುಗಿಯಿತು. ಒಸಿಡಿಗೆ ಆ ‘ಮುಗಿಯಿತು’ ಎಂಬುದೇ ಇಲ್ಲ. ಆದರೂ ಚಿಕಿತ್ಸೆಯ ತಿಂಗಳುಗಳಲ್ಲಿ ‘ಮುಟ್ಟಬೇಡ, ಮೈಲಿಗೆ’ ಎಂಬ ಮಾತು ಮಗನ ಕಿವಿಗೆ ಬೀಳದಂತೆ ನೋಡಿಕೊಳ್ಳಬೇಕು. ಅಜ್ಜಿಯ ಪೂಜೆಗೆ ಅಡ್ಡಿ ಬರಬೇಕಿಲ್ಲ. ಆ ಹೊತ್ತಿನಲ್ಲಿ ಅವನು ಹಿತ್ತಲಲ್ಲೋ ಜಗಲಿಯಲ್ಲೋ ಇದ್ದರೆ ಸಾಕು. ಅಜ್ಜಿಗೆ ಗೌರವದಿಂದ ವಿವರಿಸಿದರೆ ಮೊಮ್ಮಗನಿಗಾಗಿ ಅವರು ಒಪ್ಪಿಯಾರು.

ಮಾತ್ರೆಗೆ ಹೆದರಬೇಡಿ. 2004ರಲ್ಲಿ ಅಮೆರಿಕದಲ್ಲಿ 7ರಿಂದ 17 ವರ್ಷದ 112 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. 12 ವಾರಗಳ ಕೊನೆಗೆ ಕಾಯಿಲೆ ಬಹುತೇಕ ಇಳಿದವರು ಥೆರಪಿ ಮತ್ತು ಸರ್ಟ್ರಲಿನ್ ಎಂಬ ಮಾತ್ರೆ ಎರಡೂ ಪಡೆದವರಲ್ಲಿ ಸುಮಾರು ಶೇ 54, ಥೆರಪಿ ಮಾತ್ರ ಪಡೆದವರಲ್ಲಿ ಶೇ 39, ಮಾತ್ರೆ ಮಾತ್ರ ಪಡೆದವರಲ್ಲಿ ಶೇ 21, ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಶೇ 4. ಕಾಯಿಲೆ ಸೌಮ್ಯವಾಗಿದ್ದರೆ ಥೆರಪಿಯಿಂದಲೇ ಶುರು ಮಾಡಬಹುದು. ಊಟ, ನಿದ್ದೆ, ಶಾಲೆ ತಪ್ಪುತ್ತಿದ್ದರೆ, ಅಥವಾ ಥೆರಪಿಸ್ಟರೇ ಸಿಗದಿದ್ದರೆ ಮಾತ್ರೆಯನ್ನು ಮುಂದೂಡಬೇಡಿ. ಪರಿಣಾಮ ಪೂರ್ತಿ ಕಾಣಲು 8ರಿಂದ 12 ವಾರ ಬೇಕು. ಮೊದಲ ವಾರಗಳಲ್ಲಿ ಚಡಪಡಿಕೆ, ನಿದ್ದೆಗೇಡು, ಸಾಯುವ ಮಾತು ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಿ. ನೀವಾಗಿ ನಿಲ್ಲಿಸಬೇಡಿ. ಮಾತ್ರೆಯ ರುಚಿ, ಒರಟುತನ ನಿಮ್ಮ ಮಗನಿಗೆ ಆಗದಿರಬಹುದು. ಪುಡಿ ಮಾಡಿ ಕೊಡಬಹುದೇ, ದ್ರವರೂಪದಲ್ಲಿ ಬೇರೆ ಔಷಧ ಇದೆಯೇ ಎಂದು ಮೊದಲೇ ಕೇಳಿ.

ಆಕ್ಯುಪೇಷನಲ್ ಥೆರಪಿಸ್ಟರ ಬಳಿ ಹೋದಾಗ ಗುರಿಯನ್ನು ಬರೆಸಿಕೊಳ್ಳಿ. ‘ಸೆನ್ಸರಿ ಸುಧಾರಿಸುವುದು’ ಗುರಿಯಾಗದು. ‘ಎರಡು ತಿಂಗಳಲ್ಲಿ ಯೂನಿಫಾರ್ಮ್ ಹಾಕಿಕೊಂಡು ಹತ್ತು ನಿಮಿಷದಲ್ಲಿ ಹೊರಡುವುದು’ ಗುರಿ. ಎಂಟು ಹತ್ತು ಭೇಟಿಯಲ್ಲಿ ದಿನಚರಿ ಬದಲಾಗದಿದ್ದರೆ ನಿಲ್ಲಿಸಿ. ಸೆನ್ಸರಿ ಇಂಟಿಗ್ರೇಷನ್ ಚಿಕಿತ್ಸೆಗೆ ಪುರಾವೆ ಸೀಮಿತ ಎಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2012ರಲ್ಲೇ ಹೇಳಿದೆ. ಖರ್ಚಿಲ್ಲದ ಕೆಲಸಗಳೂ ಇವೆ: ಲೇಬಲ್ಲನ್ನು ಹೊಲಿಗೆಯ ಬುಡಕ್ಕೆ ಬಿಚ್ಚುವುದು, ಕಾಲುಚೀಲವನ್ನು ಒಳಮಗ್ಗುಲು ಹೊರಕ್ಕೆ ಮಾಡಿ ತೊಡಿಸುವುದು, ಮಿಕ್ಸಿ ಹಾಕುವ ಮುಂಚೆ ಕೂಗಿ ಹೇಳುವುದು.

ಚಿಕ್ಕಂದಿನಿಂದ ಇರುವ ಸೆನ್ಸರಿ ತೊಂದರೆಯ ಜೊತೆ ಒಡನಾಟ, ಮಾತುಕತೆಯಲ್ಲೂ ಕಷ್ಟವಿದ್ದರೆ ಆಟಿಸಂ ಪರೀಕ್ಷೆ ಒಮ್ಮೆ ಆಗಲಿ. ಆಟಿಸಂ ಇದ್ದರೂ ಇಆರ್‌ಪಿ ಮಾಡಬಹುದು, ಚಿತ್ರ ಮತ್ತು ಸ್ಪಷ್ಟ ವೇಳಾಪಟ್ಟಿ ಹೆಚ್ಚು ಬೇಕಾಗುತ್ತದೆ. ಗೀಳು ಒಂದೆರಡು ದಿನದಲ್ಲಿ ಏಕಾಏಕಿ ಶುರುವಾಗಿದ್ದು, ಅದಕ್ಕೆ ಮುಂಚೆ ಗಂಟಲುನೋವು ಬಂದಿದ್ದರೆ ಮಕ್ಕಳ ವೈದ್ಯರಿಗೆ ಹೇಳಲೇಬೇಕು.

ಥೆರಪಿಸ್ಟರನ್ನು ಆರಿಸುವಾಗ ಹಣ ಕಟ್ಟುವ ಮುಂಚೆ ಕೇಳಿ: ‘ಐದನೇ ಭೇಟಿಯಲ್ಲಿ ಮಗನ ಕೈಲಿ ಏನು ಮಾಡಿಸ್ತೀರಿ? ಮನೆಗೆ ಏನು ಅಭ್ಯಾಸ ಕೊಡ್ತೀರಿ? ನಾವು ಒಳಗೆ ಕೂರಬಹುದಾ? ಸುಧಾರಣೆ ಹೇಗೆ ಅಳೀತೀರಿ?’ ಬಲ್ಲವರು ಮೆಟ್ಟಿಲುಗಳ ಮಾತಾಡುತ್ತಾರೆ, ಮಕ್ಕಳ ಒಸಿಡಿಯ ತೀವ್ರತೆ ಅಳೆಯುವ 40 ಅಂಕದ ಸಿವೈ-ಬಾಕ್ಸ್ ಅಳತೆಯ ಹೆಸರು ಹೇಳುತ್ತಾರೆ. ಅದರಲ್ಲಿ 16ರಿಂದ 23 ಮಧ್ಯಮ, 24 ಮತ್ತು ಮೇಲಿದ್ದರೆ ತೀವ್ರ. ‘ಮಾತಾಡಿಸಿ ಸರಿ ಮಾಡ್ತೀವಿ’, ‘ಯೋಚನೆ ಬಂದಾಗ ಬೇರೆ ಕಡೆ ಗಮನ ಕೊಡೋಕೆ ಹೇಳ್ತೀವಿ’ ಎಂದಷ್ಟೇ ಹೇಳಿದರೆ ಬೇರೆಯವರನ್ನು ನೋಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಕೇಳುವುದರಲ್ಲಿ ಸಂಕೋಚ ಬೇಡ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೇ ಪ್ರತ್ಯೇಕ ಕ್ಲಿನಿಕ್ಕೂ ಮಕ್ಕಳ ಮನೋವೈದ್ಯ ವಿಭಾಗವೂ ಇವೆ. ನಿಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯರಿಂದ ಪತ್ರ ಪಡೆದು ಒಮ್ಮೆ ಹೋಗಿ, ಯೋಜನೆ ಬರೆಸಿಕೊಂಡು ಬಂದರೆ ಅದನ್ನು ಹತ್ತಿರದ ಥೆರಪಿಸ್ಟರ ಜೊತೆ ಮುಂದುವರಿಸಬಹುದು. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹತ್ತು ದಿನದ ಆ ನೋಟ್‌ಬುಕ್ ಕೈಯಲ್ಲಿಟ್ಟುಕೊಂಡು ಮಾತಾಡಿ.

–ಸಂಪಾದಕರು